ಹದಿನೈದನೇ ಸ್ಥಾನ
ಇಂಗ್ಲೆಂಡಿನ ಫುಟ್ಬಾಲ್ ಲೀಗ್‌ನಲ್ಲಿ ನಮ್ಮ ಮ್ಯಾಂಚೆಸ್ಟರ್ ಯುನೈಟೆಡ್ ತಂಡದ 2024-25ರ ಸೀಸನ್ ಅಂತೂ ಮುಗೀತು. 38 ಪಂದ್ಯ, 18 ಸೋಲು, 20 ತಂಡಗಳಲ್ಲಿ 15ನೇ ಸ್ಥಾನ. ಅಮ್ಮ ಕೇಳಿದರು, "ಹದಿನೈದು ಅಂದ್ರೆ ಪಾಸೋ ಫೇಲೋ?" ಪಾಸೇ ಅಮ್ಮ, ಕೊನೆಯ ಮೂರು ತಂಡ ಮಾತ್ರ ಕೆಳಗಿನ ಲೀಗ್‌ಗೆ ಹೋಗೋದು ಅಂದೆ.

ಯುರೋಪಿನ ಕ್ಲಬ್‌ಗಳ ಟೂರ್ನಿ ಯುರೋಪಾ ಲೀಗ್‌ನ ಫೈನಲ್ಲಾದರೂ ಗೆಲ್ತೀವಿ ಅಂದುಕೊಂಡಿದ್ದೆ. ಮಧ್ಯರಾತ್ರಿ ಹನ್ನೆರಡೂವರೆಗೆ ಟಿವಿ ಸೌಂಡ್ ಪೂರ್ತಿ ಇಳಿಸಿ ಕೂತೆ. ಎದುರಾಳಿ ಟಾಟನ್‌ಹ್ಯಾಮ್ ಹೊಡೆದಿದ್ದು ಒಂದೇ ಗೋಲು. ಅದೂ ನಮ್ಮ ಡಿಫೆಂಡರ್‌ಗೇ ತಾಗಿ ಒಳಗೆ ಹೋಗಿದ್ದು! ಚೆಂದವಾಗಿ ಹೊಡೆದ ಗೋಲಾಗಿದ್ದರೆ ಹೊಟ್ಟೆ ಇಷ್ಟು ಉರೀತಿರಲಿಲ್ಲ.

ಬೆಳಿಗ್ಗೆ ಅದೇ ಕೆಂಪು ಜೆರ್ಸಿಯಲ್ಲಿ ದೋಸೆ ಅಂಗಡಿಗೆ ಹೋದೆ. ದಾವಣಗೆರೆಯವರಿಗೆ ದುಃಖಕ್ಕೂ ಬೆಣ್ಣೆ ದೋಸೆಯೇ ಅಲ್ವಾ. ಕಾವಲಿ ಮುಂದೆ ನಿಂತಿದ್ದ ಅಣ್ಣ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ, ಸುಮ್ನೆ ಇನ್ನೊಂದು ಉಂಡೆ ಬೆಣ್ಣೆ ಜಾಸ್ತಿ ಹಾಕಿದರು.