ಒಸಡಿನ ಕೆಳಗಿರುವ ಹಲ್ಲು

ಪಶುವೈದ್ಯೆಯಾಗಿ ಕೆಲಸ ಆರಂಭಿಸಿದ ಮೊದಲ ವರ್ಷದಲ್ಲಿ ನಾನು ಒಂದು ಮೊಲದ ಎಡಗಣ್ಣಿಗೆ ಮೂರು ವಾರ ಹನಿ ಔಷಧ ಹಾಕಿಸಿದೆ. ಕಣ್ಣಿನಿಂದ ಸದಾ ನೀರು ಇಳಿಯುತ್ತಿತ್ತು; ಮೂಗಿನ ಪಕ್ಕದ ಕೂದಲು ತೊಯ್ದು ಅಂಟಿಕೊಂಡಿತ್ತು; ಕಣ್ಣಿನ ಒಳಮೂಲೆಯನ್ನು ಮೆಲ್ಲಗೆ ಒತ್ತಿದರೆ ಮೊಸರಿನಂಥ ಬಿಳಿ ಕೀವು ಹೊರಬರುತ್ತಿತ್ತು. ಔಷಧ ಹಾಕಿದ ನಾಲ್ಕೈದು ದಿನ ಗುಣ ಕಂಡು ಮತ್ತೆ ಮೊದಲಿನಂತೆಯೇ ಆಗುತ್ತಿತ್ತು. ಮೊಲವನ್ನು ಸಾಕಿದವರು ಮೂರನೆಯ ಸಲ ಬಂದಾಗ, "ಡಾಕ್ಟ್ರೇ, ಈಗೀಗ ಇದು ಒಣಹುಲ್ಲನ್ನು ಮೂಸಿ ನೋಡಿ ಬಿಟ್ಟುಬಿಡುತ್ತದೆ, ಮೆತ್ತಗಿನ ಸೊಪ್ಪು ಕೊಟ್ಟರೆ ಮಾತ್ರ ತಿನ್ನುತ್ತದೆ" ಎಂದರು. ಆ ಮಾತು ಕೇಳಿದ ಮೇಲೆ ನಾನು ಕಣ್ಣನ್ನು ಬಿಟ್ಟು ಬಾಯನ್ನು ನೋಡಲು ಹೊರಟೆ. ತಲೆಯ ಎಕ್ಸ್‌ರೇಯಲ್ಲಿ ಮೇಲಿನ ಬಾಚಿಹಲ್ಲಿನ ಬುಡವೂ ಅದರ ಹಿಂದಿನ ದವಡೆಹಲ್ಲುಗಳ ಬುಡಗಳೂ ಇರಬೇಕಾದ ಜಾಗವನ್ನು ಮೀರಿ ಮೂಳೆಯೊಳಗೆ ಉದ್ದಕ್ಕೆ ಬೆಳೆದಿದ್ದವು. ಮೊಲದ ಕಣ್ಣೀರಿನ ನಾಳ ಮೂಗಿನತ್ತ ಇಳಿಯುವಾಗ ದವಡೆಹಲ್ಲುಗಳ ಬುಡದ ಹತ್ತಿರ ಒಮ್ಮೆ ಬಾಗುತ್ತದೆ, ಬಾಚಿಹಲ್ಲಿನ ಬುಡದ ಬಳಿ ಮತ್ತೊಮ್ಮೆ ಕಿರಿದಾಗುತ್ತದೆ. ಒತ್ತಡ ಬಿದ್ದಿದ್ದು ಅಲ್ಲಿಯೇ. ಕಣ್ಣಿನಲ್ಲಿ ಯಾವ ರೋಗವೂ ಇರಲಿಲ್ಲ.

ಆ ಮೂರು ವಾರ ಅದು ನೋವು ತಿಂದಿತು ಎಂಬುದನ್ನು ನಾನು ಮರೆತಿಲ್ಲ. ಅಂದಿನಿಂದ ನಾಯಿ, ಬೆಕ್ಕು, ಮೊಲ, ಗಿನಿಪಿಗ್ ಯಾವುದೇ ಬರಲಿ, ಬಾಯಲ್ಲಿ ಕಣ್ಣಿಗೆ ಕಾಣುವ ಹಲ್ಲನ್ನಷ್ಟೇ ನೋಡಿ ತೀರ್ಮಾನಕ್ಕೆ ಬರುವುದನ್ನು ಬಿಟ್ಟೆ. ಈ ಪ್ರಾಣಿಗಳ ಹಲ್ಲಿನ ರೋಗ ಬಹುಪಾಲು ಒಸಡಿನ ಕೆಳಗೆ, ಮೂಳೆಯ ಒಳಗೆ ನಡೆಯುತ್ತದೆ. ಅದು ಅಲ್ಲಿ ಹೇಗೆ ನಡೆಯುತ್ತದೆ ಎಂಬುದು ಆಯಾ ಪ್ರಾಣಿಯ ಹಲ್ಲಿನ ರಚನೆಯನ್ನೇ ಅವಲಂಬಿಸಿದೆ.

ಮೊಲದ ಬಾಯಲ್ಲಿ 28 ಹಲ್ಲುಗಳಿವೆ. ಮುಂದೆ ಕಾಣುವ ಮೇಲಿನ ಎರಡು ಬಾಚಿಹಲ್ಲುಗಳ ಬೆನ್ನಿಗೆ ಅಂಟಿಕೊಂಡಂತೆ ಗೂಟದಂಥ ಇನ್ನೆರಡು ಸಣ್ಣ ಬಾಚಿಹಲ್ಲುಗಳಿರುತ್ತವೆ. ವರ್ಷಗಟ್ಟಲೆ ಮೊಲ ಸಾಕಿದವರೂ ಅನೇಕ ವೇಳೆ ಅವನ್ನು ಗಮನಿಸಿರುವುದಿಲ್ಲ. ಇಲಿ, ಅಳಿಲುಗಳಿಗೆ ಈ ಎರಡನೆಯ ಜೋಡಿ ಇಲ್ಲ. ಮೊಲಗಳನ್ನು ಬಹುಕಾಲ ದಂಶಕಗಳ, ಅಂದರೆ ಇಲಿ, ಅಳಿಲುಗಳಂಥ ಪ್ರಾಣಿಗಳ, ಗುಂಪಿನಲ್ಲಿಯೇ ಇಟ್ಟಿದ್ದ ಪ್ರಾಣಿಶಾಸ್ತ್ರಜ್ಞರು 1912ರಲ್ಲಿ ಅವನ್ನು ಬೇರೆಯದೇ ಗಣವೆಂದು ವಿಂಗಡಿಸಿದರು, ಮತ್ತು ಆ ಗಣವನ್ನು ಗುರುತಿಸುವ ಲಕ್ಷಣಗಳಲ್ಲಿ ಈ ಪುಟ್ಟ ಗೂಟಹಲ್ಲುಗಳಿಗೂ ಸ್ಥಾನವಿದೆ. ಮೊಲಕ್ಕೆ ಕೋರೆಹಲ್ಲಿಲ್ಲ. ಬಾಚಿಹಲ್ಲಿಗೂ ದವಡೆಹಲ್ಲಿಗೂ ನಡುವೆ ಉದ್ದನೆಯ ಬರಿ ಒಸಡಿನ ಜಾಗ ಇರುವುದರಿಂದ, ಬಾಯಿ ತೆರೆದು ನೋಡಿದವರಿಗೆ ಮುಂದಿನ ಹಲ್ಲುಗಳಷ್ಟೇ ಕಂಡು, ಹಿಂದಿನ ಇಪ್ಪತ್ತೆರಡು ಹಲ್ಲುಗಳು ಕಣ್ಣಿಗೆ ಬೀಳದೆ ಉಳಿದುಬಿಡುತ್ತವೆ.

ಈ ಎಲ್ಲ ಹಲ್ಲುಗಳೂ ಬದುಕಿರುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್‌ನಷ್ಟು ಹೊರಬರುತ್ತದೆ. ಮನುಷ್ಯರ ಹಲ್ಲಿಗಿರುವಂಥ ಮುಚ್ಚಿಕೊಂಡ ಬೇರು ಇವಕ್ಕಿಲ್ಲ; ಬುಡ ತೆರೆದೇ ಇದ್ದು ಅಲ್ಲಿಂದ ಹೊಸ ಹಲ್ಲು ಹುಟ್ಟುತ್ತಲೇ ಇರುತ್ತದೆ. ಹೀಗೆ ಬೆಳೆಯುವುದನ್ನು ಸವೆಸಬೇಕಾದದ್ದು ಆಹಾರ. ಹುಲ್ಲಿನಲ್ಲಿರುವ ಮರಳಿನಂಥ ಸಿಲಿಕಾ ಕಣಗಳು ಹಾಗೂ ಗಟ್ಟಿ ನಾರು, ಮೊಲ ದವಡೆಯನ್ನು ಅಡ್ಡಡ್ಡಲಾಗಿ ಬೀಸುಗಲ್ಲಿನಂತೆ ಆಡಿಸುವಾಗ, ದವಡೆಹಲ್ಲನ್ನು ಸಮನಾಗಿ ತೇಯುತ್ತವೆ. ಕಾಳು, ಗುಳಿಗೆಯಂಥ ತಿಂಡಿ, ಹಣ್ಣು ಇವುಗಳನ್ನು ಜಗಿಯಲು ಅದು ದವಡೆಯನ್ನು ಮೇಲೆ ಕೆಳಗೆ ಕುಟ್ಟುವಂತೆ ಆಡಿಸುತ್ತದೆ. ಜಗಿಯುವ ಅವಧಿಯೂ ಕಡಿಮೆ, ತೇಯುವಿಕೆಯೂ ಕಡಿಮೆ. ಗಟ್ಟಿ ಗುಳಿಗೆ ತಿಂದರೆ ಹಲ್ಲು ಸವೆಯುತ್ತದೆ ಎಂದು ನಂಬಿದವರು ಬಹಳ ಮಂದಿ ಇದ್ದಾರೆ. ಗಡಸುತನ ಹಲ್ಲನ್ನು ಸವೆಸುವುದಿಲ್ಲ, ಗಂಟೆಗಟ್ಟಲೆ ಅಡ್ಡಡ್ಡ ಅರೆಯುವ ಕೆಲಸ ಸವೆಸುತ್ತದೆ ಎಂದು ಅವರಿಗೆ ಪ್ರತಿಸಲವೂ ಬಿಡಿಸಿ ಹೇಳುತ್ತೇನೆ.

ಸವೆಯದ ಹಲ್ಲು ಮೊದಲು ಬಾಯೊಳಗೆ ಉದ್ದವಾಗುತ್ತದೆ. ಮೊಲದ ಮೇಲ್ದವಡೆ ಅಗಲ, ಕೆಳದವಡೆ ಕಿರಿದು. ಹೀಗಾಗಿ ಮೇಲಿನ ಹಲ್ಲುಗಳ ಹೊರ ಅಂಚು ಕೆನ್ನೆಯತ್ತ, ಕೆಳಗಿನವುಗಳ ಒಳ ಅಂಚು ನಾಲಿಗೆಯತ್ತ ಮೊನೆಯಾಗಿ ಚಾಚಿಕೊಳ್ಳುತ್ತವೆ. ಆ ಮೊದಲ ಮೊಲಕ್ಕೆ ಅರಿವಳಿಕೆ ಕೊಟ್ಟು ಬಾಯಿ ಅಗಲಿಸಿ ಬೆಳಕು ಬಿಟ್ಟಾಗ, ಕೆಳಗಿನ ಒಂದು ಹಲ್ಲಿನ ಒಳ ಅಂಚಿನಿಂದ ಗುಲಾಬಿಮುಳ್ಳಿನಷ್ಟು ಸಣ್ಣ ಮೊನೆಯೊಂದು ಓರೆಯಾಗಿ ಹೊರಟು ನಾಲಿಗೆಯ ಪಕ್ಕಕ್ಕೆ ನಾಟಿತ್ತು. ನಾಲಿಗೆಯನ್ನು ಚಮಚದ ಹಿಡಿಯಿಂದ ಪಕ್ಕಕ್ಕೆ ಸರಿಸಿದರೆ, ಅದೇ ಮೊನೆ ಕೊರೆದ ಗಾಯ ಅಂಚಿನಲ್ಲಿ ಬಿಳುಪಾಗಿ, ನಡುವೆ ಕೆಂಪಾಗಿ ಕಾಣಿಸಿತು. ಪ್ರತಿ ಸಲ ಜಗಿದಾಗಲೂ ಆ ಮುಳ್ಳು ಅದೇ ಗಾಯಕ್ಕೆ ಚುಚ್ಚುತ್ತಿತ್ತು. ಎಚ್ಚರವಿದ್ದಾಗ ನಾನು ಕಿವಿ ನೋಡುವ ಓಟೋಸ್ಕೋಪನ್ನು ತೂರಿಸಿ ಒಮ್ಮೆ ನೋಡಿದ್ದೆ. ನಾಲಿಗೆ ಉಬ್ಬಿ ಅಡ್ಡಬಂದು ಏನೂ ಕಂಡಿರಲಿಲ್ಲ. ಮೊಲದ ಬಾಯಿ ಅಷ್ಟು ಕಿರಿದು.

ಬಾಯೊಳಗೆ ಉದ್ದವಾಗಲು ಜಾಗ ಮುಗಿದ ಮೇಲೆ ಎದುರುಬದುರಿನ ಹಲ್ಲುಗಳು ಒಂದನ್ನೊಂದು ಒತ್ತುತ್ತವೆ, ಆಗ ಬುಡವು ಹಿಮ್ಮುಖವಾಗಿ ಮೂಳೆಯೊಳಕ್ಕೆ ಸರಿಯುತ್ತದೆ. ಕೆಳದವಡೆಯ ಅಡಿಯಲ್ಲಿ ಬೆರಳಾಡಿಸಿದರೆ ಸಾಲಾಗಿ ಸಣ್ಣ ಗಂಟುಗಳು ಸಿಗುತ್ತವೆ. ಮೇಲ್ದವಡೆಯಲ್ಲಾದರೆ ಬುಡ ಕಣ್ಣುಗುಳಿಯತ್ತ ಸಾಗುತ್ತದೆ, ಅಲ್ಲಿ ಕುರು ಆದರೆ ಕಣ್ಣೇ ಹೊರಕ್ಕೆ ದೂಡಲ್ಪಡುತ್ತದೆ. ಮೊಲದ ಕೀವು ಗಟ್ಟಿ, ನಾಯಿಯ ಕುರುವಿನಂತೆ ಸೀಳಿ ತೊಳೆದರೆ ಹರಿದುಹೋಗುವಂಥದ್ದಲ್ಲ. ಕುರುವಿನ ಚೀಲವನ್ನೂ ಕೊಳೆತ ಹಲ್ಲನ್ನೂ ಮೂಳೆಯನ್ನೂ ಶಸ್ತ್ರಕ್ರಿಯೆಯಿಂದ ತೆಗೆಯಬೇಕಾಗುತ್ತದೆ. ಹೀಗೆ ಒಮ್ಮೆ ಬುಡ ಕೆಟ್ಟರೆ ಅದನ್ನು ಹಿಂದಿನ ಸ್ಥಿತಿಗೆ ತರಲು ಬರುವುದಿಲ್ಲ. ಆ ಮೊಲದ ಮೊನೆಗಳನ್ನು ತೇದು ನಾಳವನ್ನು ತೊಳೆದ ಎರಡು ದಿನಕ್ಕೆ ಅದು ಹುಲ್ಲು ತಿಂದಿತು, ಆದರೆ ಮುಂದೆ ಬದುಕಿದ್ದಷ್ಟು ಕಾಲ ಎರಡು ತಿಂಗಳಿಗೊಮ್ಮೆ ಹಲ್ಲು ತೇಯಿಸಿಕೊಳ್ಳಲು ಬರುತ್ತಲೇ ಇತ್ತು.

ತೇಯುವುದು ಎಂದೆ. ಉಗುರು ಕತ್ತರಿಸುವ ಸಾಧನದಿಂದ ಬಾಚಿಹಲ್ಲನ್ನು ಕತ್ತರಿಸುವ ಅಭ್ಯಾಸ ಇನ್ನೂ ಅನೇಕ ಕಡೆ ಇದೆ, ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಹಲ್ಲು ಉದ್ದುದ್ದಕ್ಕೆ ಸೀಳುತ್ತದೆ, ಸೀಳು ಹಲ್ಲಿನೊಳಗಿನ ನರ, ರಕ್ತನಾಳಗಳಿರುವ ಮೆದು ಭಾಗವಾದ ಪಲ್ಪ್‌ವರೆಗೆ ಹೋದರೆ ಸೋಂಕಿಗೆ ದಾರಿಯಾಗುತ್ತದೆ. ದಂತವೈದ್ಯರು ಬಳಸುವಂಥ, ವೇಗವಾಗಿ ತಿರುಗುವ ಬರ್ ಎಂಬ ಸಣ್ಣ ಮೊನೆಯಿಂದ ತೇಯಬೇಕು. ಬಾಚಿಹಲ್ಲುಗಳ ಜೋಡಣೆಯೇ ತಪ್ಪಿದ್ದರೆ, ಕುಳ್ಳ ಮುಖದ ಮೊಲಗಳಲ್ಲಿ ಹುಟ್ಟಿನಿಂದಲೇ ಹಾಗಿರುವುದುಂಟು, ಗೂಟಹಲ್ಲುಗಳೂ ಸೇರಿ ಆರನ್ನೂ ಕಿತ್ತುಬಿಡುವುದೇ ಶಾಶ್ವತ ಪರಿಹಾರ. ಬಾಚಿಹಲ್ಲಿಲ್ಲದ ಮೊಲ ಬೇಗನೆ ತುಟಿಯಿಂದ ಹುಲ್ಲನ್ನು ಎತ್ತಿಕೊಳ್ಳಲು ಕಲಿಯುತ್ತದೆ.

ಇನ್ನೆರಡು ವಿಷಯಗಳನ್ನು ಇಲ್ಲಿಯೇ ಹೇಳಿಬಿಡಬೇಕು. ಮೊಲಕ್ಕೆ ವಾಂತಿ ಬರುವುದಿಲ್ಲವಾದ್ದರಿಂದ ಅರಿವಳಿಕೆಗೆ ಮುಂಚೆ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವುವ ಅಗತ್ಯವಿಲ್ಲ, ಕೆಡವಿದರೆ ಕರುಳಿನ ಚಲನೆ ನಿಂತು ಪ್ರಾಣಕ್ಕೇ ಕುತ್ತು ಬರಬಹುದು. ಎರಡನೆಯದಾಗಿ, ನಾಯಿಯ ಹಲ್ಲಿನ ಸೋಂಕಿಗೆ ನಿತ್ಯ ಬಳಸುವ ಕ್ಲಿಂಡಾಮೈಸಿನ್, ಬಾಯಿಂದ ಕೊಡುವ ಅಮಾಕ್ಸಿಸಿಲಿನ್‌ನಂಥ ಔಷಧಗಳು ಮೊಲ ಹಾಗೂ ಗಿನಿಪಿಗ್‌ಗಳ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ನಾಶಮಾಡಿ ಸಾವನ್ನೇ ತರಬಲ್ಲವು. ಮನೆಯಲ್ಲಿ ಉಳಿದ ನಾಯಿಯ ಔಷಧವನ್ನು ಮೊಲಕ್ಕೆ ಎಂದೂ ಕೊಡಬೇಡಿ.

ಗಿನಿಪಿಗ್‌ಗೆ 20 ಹಲ್ಲು, ಅವೂ ಎಲ್ಲವೂ ಬೆಳೆಯುವಂಥವೇ. ಇದರ ದವಡೆಹಲ್ಲುಗಳ ಜಗಿಯುವ ಮೇಲ್ಮೈ ತುಂಬ ಓರೆ. ಆದ್ದರಿಂದ ಕೆಳಗಿನ ಹಲ್ಲುಗಳು ಬೆಳೆದಾಗ ಎರಡೂ ಬದಿಯಿಂದ ನಾಲಿಗೆಯ ಮೇಲೆ ಬಾಗಿ ಸೇತುವೆಯಂತೆ ಕೂಡಿಕೊಳ್ಳುತ್ತವೆ, ನಾಲಿಗೆ ಅದರಡಿಯಲ್ಲಿ ಸಿಕ್ಕಿಬೀಳುತ್ತದೆ. ಆ ಪ್ರಾಣಿಗೆ ಹಸಿವಿರುತ್ತದೆ. ತಟ್ಟೆಯ ಬಳಿ ಓಡಿಬರುತ್ತದೆ, ಬಾಯಿ ಹಾಕುತ್ತದೆ, ನುಂಗಲಾಗದೆ ಬಿಟ್ಟು ಹಿಂದೆ ಸರಿಯುತ್ತದೆ. ಗಲ್ಲ ಜೊಲ್ಲಿನಿಂದ ಒದ್ದೆಯಾಗಿರುತ್ತದೆ. ಗಿನಿಪಿಗ್‌ನ ದೇಹ ನಮ್ಮ ದೇಹದಂತೆಯೇ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಅದರ ಕೊರತೆಯಾದರೆ ಹಲ್ಲನ್ನು ಮೂಳೆಗೆ ಬಿಗಿದಿಡುವ ಕೊಲಾಜನ್ ತಂತುಗಳು ಸಡಿಲವಾಗಿ ಹಲ್ಲು ವಾಲುತ್ತದೆ, ವಾಲಿದ ಹಲ್ಲು ಸರಿಯಾಗಿ ತೇಯುವುದಿಲ್ಲ. ದಟ್ಟ ತುಪ್ಪಳದ ಸಣ್ಣ ದಂಶಕವಾದ ಚಿಂಚಿಲ್ಲಾದ ಬಾಚಿಹಲ್ಲು ಕಿತ್ತಳೆ ಬಣ್ಣದ್ದಾಗಿರುವುದು ಆರೋಗ್ಯದ ಲಕ್ಷಣ, ಬಿಳಿಚಿದರೆ ಅನುಮಾನಿಸಬೇಕು. ಇಲಿ, ಹ್ಯಾಮ್‌ಸ್ಟರ್‌ಗಳಲ್ಲಿ ಬೆಳೆಯುವುದು ಬಾಚಿಹಲ್ಲು ಮಾತ್ರ, ಅವುಗಳ ದವಡೆಹಲ್ಲಿಗೆ ನಮ್ಮ ಹಲ್ಲಿನಂತೆ ಬೇರಿದೆ.

ಬೆಕ್ಕಿನದು ತೀರ ಬೇರೆ ಕಥೆ. ಅದರ 30 ಹಲ್ಲುಗಳು ಒಮ್ಮೆ ಬಂದರೆ ಮುಗಿಯಿತು, ಬೆಳೆಯುವುದಿಲ್ಲ. ಆದರೆ ಹಾಲುಹಲ್ಲಿನ ಬೇರನ್ನು ಕರಗಿಸುವ ಕೆಲಸ ಮಾಡಿದ ಬಗೆಯ ಜೀವಕೋಶಗಳೇ ಅನೇಕ ಬೆಕ್ಕುಗಳಲ್ಲಿ ನಡುವಯಸ್ಸಿನ ಹೊತ್ತಿಗೆ ಶಾಶ್ವತ ಹಲ್ಲನ್ನೂ ಕರಗಿಸತೊಡಗುತ್ತವೆ. ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದಿನ ಮೊದಲ ಹಲ್ಲಿನಲ್ಲಿ ಇದು ಸಾಮಾನ್ಯವಾಗಿ ಮೊದಲು ಕಾಣುತ್ತದೆ. ಮೇಲಿನಿಂದ ನೋಡಿದರೆ ಒಸಡು ಹಲ್ಲಿನ ಮೇಲೆ ಸ್ವಲ್ಪ ಏರಿದಂತೆ, ಒಂದು ಕೆಂಪು ಚುಕ್ಕಿಯಂತೆ ಅನ್ನಿಸುತ್ತದೆ, ಅಷ್ಟೆ. ಒಮ್ಮೆ ಅರಿವಳಿಕೆಯಲ್ಲಿ ಮಲಗಿದ್ದ ಬೆಕ್ಕಿನ ಅಂಥ ಚುಕ್ಕಿಗೆ ಪ್ರೋಬ್ ಎಂಬ ತೆಳು ಲೋಹದ ಕಡ್ಡಿಯನ್ನು ತಾಗಿಸಿದೆ. ರೆಪ್ಪೆ ಮುಟ್ಟಿದರೂ ಮಿಡುಕದಿದ್ದ ಆ ಬೆಕ್ಕಿನ ಕೆಳದವಡೆ ಟಕಟಕನೆ ನಡುಗಿತು. ಮನೆಯವರು, "ಇದಕ್ಕೇನೂ ನೋವಿಲ್ಲ, ಚೆನ್ನಾಗಿಯೇ ತಿನ್ನುತ್ತದೆ" ಎಂದು ಹೇಳಿ ಬಿಟ್ಟುಹೋಗಿದ್ದ ಬೆಕ್ಕು ಅದು. ಅವರು ಹೇಳಿದ್ದು ಸುಳ್ಳಲ್ಲ. ನೋವಿದ್ದೂ ತಿನ್ನುವುದು ಬೆಕ್ಕಿನ ಸ್ವಭಾವ. ಇಂಥ ಹಲ್ಲಿಗೆ ತುಂಬುವ ಚಿಕಿತ್ಸೆ ಹಿಂದೆ ನಡೆದಿತ್ತು, ಕರಗುವಿಕೆ ಒಳಗೆ ಮುಂದುವರಿಯುವುದರಿಂದ ತುಂಬಿದ್ದು ಉಳಿಯಲಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ಸುತ್ತಲಿನ ಕಪ್ಪು ಗೆರೆ ಉಳಿದಿದ್ದರೆ ಬೇರುಸಹಿತ ಕೀಳಬೇಕು; ಬೇರು ಮೂಳೆಯಾಗಿಯೇ ಮಾರ್ಪಟ್ಟಿದ್ದರೆ ಮೇಲಿನ ಭಾಗವನ್ನಷ್ಟೇ ತೆಗೆದು ಒಸಡನ್ನು ಹೊಲಿಯಬಹುದು. ಎಕ್ಸ್‌ರೇ ಇಲ್ಲದೆ ಈ ಎರಡರ ನಡುವೆ ಆಯ್ಕೆ ಮಾಡಲು ಸಾಧ್ಯವಿಲ್ಲ.

ನಾಯಿಗೆ 42 ಹಲ್ಲು. ಅದರ ದೊಡ್ಡ ಶತ್ರು ಒಸಡಿನ ರೋಗ, ಅದರಲ್ಲೂ ಪುಟ್ಟ ತಳಿಗಳಲ್ಲಿ. ತಳಿಯ ಗಾತ್ರ ಕುಗ್ಗಿದಷ್ಟು ಹಲ್ಲು ಕುಗ್ಗಿಲ್ಲ. ಕಿರಿದಾದ ದವಡೆಯಲ್ಲಿ ಹಲ್ಲುಗಳು ಒತ್ತೊತ್ತಾಗಿ ನಿಂತು ಪಾಚಿ ಕೂರಲು ಸಂದುಗಳಾಗುತ್ತವೆ. ಹಲ್ಲಿನ ಮೇಲೆ ಕುಳಿತ ಮೆತ್ತನೆಯ ಪಾಚಿ ಎರಡು ಮೂರು ದಿನಗಳಲ್ಲಿ ಕಲ್ಲಿನಂತೆ ಗಟ್ಟಿಯಾಗತೊಡಗುತ್ತದೆ. ಪುಟ್ಟ ನಾಯಿಯ ಕೆಳಗಿನ ಮೊದಲ ದವಡೆಹಲ್ಲಿನ ಬೇರು ದವಡೆಮೂಳೆಯ ಬಹುತೇಕ ಎತ್ತರವನ್ನು ಆಕ್ರಮಿಸಿರುತ್ತದೆ; ಸುತ್ತಲಿನ ಮೂಳೆ ಸವೆದುಹೋದರೆ ಸೋಫಾದಿಂದ ಕೆಳಗೆ ಹಾರಿದ ಪೆಟ್ಟಿಗೇ ದವಡೆ ಮುರಿಯಬಹುದು. ಮೇಲ್ದವಡೆಯ ಮೂರು ಬೇರಿನ ದೊಡ್ಡ ಹಲ್ಲು ಗಟ್ಟಿ ಮೂಳೆ ಕಡಿಯುವಾಗ ಚಕ್ಕೆಯೆದ್ದು ಸೋಂಕು ತಗುಲಿದರೆ ಊತ ಕಾಣುವುದು ಕಣ್ಣಿನ ಕೆಳಗೆ. ಮತ್ತೆ ಕಣ್ಣಿನ ರೋಗವೆಂದೇ ಜನ ಕರೆತರುತ್ತಾರೆ.

ಅರಿವಳಿಕೆಯಿಲ್ಲದೆ ಹಲ್ಲು ಕೆರೆದು ಹೊಳೆಯಿಸುವ ಸೇವೆಯ ಬಗ್ಗೆ ನನಗೆ ಬಲವಾದ ಆಕ್ಷೇಪವಿದೆ. ಹಾಗೆ ಬೇರೊಂದು ಕಡೆ ಎರಡು ವರ್ಷ ಹಲ್ಲು ಸ್ವಚ್ಛ ಮಾಡಿಸಿಕೊಂಡ ಪುಟ್ಟ ನಾಯಿಯೊಂದು ಸೀನಿದಾಗ ಮೂಗಿನಿಂದ ರಕ್ತ ಬರುತ್ತದೆಂದು ನನ್ನಲ್ಲಿಗೆ ಬಂತು. ಹಲ್ಲುಗಳು ಮುತ್ತಿನಂತೆ ಬೆಳ್ಳಗಿದ್ದವು. ನಾಯಿಯಲ್ಲಿ ಒಸಡಿನ ಸಂದಿನ ಆಳ 3 ಮಿಲಿಮೀಟರ್‌ವರೆಗೆ ಇದ್ದರೆ ಸಹಜ. ಅರಿವಳಿಕೆ ಕೊಟ್ಟು ಮೇಲಿನ ಕೋರೆಹಲ್ಲಿನ ಒಳಬದಿಗೆ ಪ್ರೋಬ್ ಇಳಿಸಿದರೆ 9 ಮಿಲಿಮೀಟರ್ ಹೋಯಿತು, ಮೂಗಿನಿಂದ ರಕ್ತ ಒಸರಿತು. ಹಲ್ಲಿಗೂ ಮೂಗಿಗೂ ನಡುವಿನ ತೆಳು ಮೂಳೆ ಕರಗಿ ತೂತಾಗಿತ್ತು. ಎರಡು ವರ್ಷ ಆ ಮನೆಯವರು ಬಿಳುಪನ್ನು ನೋಡಿ ನೆಮ್ಮದಿಯಾಗಿದ್ದರು. ನಾನು ಆ ಹಲ್ಲನ್ನು ಕಿತ್ತು ಒಸಡಿನ ಪದರವನ್ನು ಎಳೆದು ತೂತು ಮುಚ್ಚಿದೆ.

ಹಲ್ಲಿಯ ಜಾತಿಯ ಬಿಯರ್ಡೆಡ್ ಡ್ರಾಗನ್ ಸಾಕುವವರಿಗೆ ಒಂದು ಮಾತು: ಅದರ ಬಾಯಿಯ ಬದಿಯ ಹಲ್ಲುಗಳು ಗುಳಿಯೊಳಗೆ ಕೂತಿಲ್ಲ, ದವಡೆಮೂಳೆಯ ಏಣಿನ ಮೇಲೆ ಬೆಸೆದುಕೊಂಡಿವೆ, ಬಿದ್ದರೆ ಮತ್ತೆ ಬರುವುದಿಲ್ಲ. ಹಾಗಾಗಿ ಒಸಡು ಕೆಂಪಾದರೆ ಸೋಂಕು ನೇರ ಮೂಳೆಗೆ ಇಳಿಯುತ್ತದೆ. ಮೆತ್ತನೆಯ ಹಣ್ಣನ್ನು ಅದಕ್ಕೆ ಮೇಲಿಂದ ಮೇಲೆ ತಿನ್ನಿಸುವುದು ಒಳ್ಳೆಯದಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಏನು ಎಂದು ಕೇಳುವವರಿಗೆ ನಾನು ಹೇಳುವುದು ಪ್ರಾಣಿಯಿಂದ ಪ್ರಾಣಿಗೆ ಬದಲಾಗುತ್ತದೆ. ನಾಯಿ ಬೆಕ್ಕುಗಳಿಗೆ ದಿನವೂ ಮೆತ್ತನೆಯ ಬ್ರಷ್‌ನಿಂದ ಒಸಡಿನ ಅಂಚನ್ನು ಉಜ್ಜಬೇಕು. ಅವುಗಳಿಗೆಂದೇ ತಯಾರಾದ ಪೇಸ್ಟ್ ಬಳಸಬೇಕು. ಮನುಷ್ಯರ ಪೇಸ್ಟನ್ನು ಅವು ಉಗುಳದೆ ನುಂಗುತ್ತವೆ, ಅದರಲ್ಲಿ ಸಿಹಿಗಾಗಿ ಬೆರೆಸುವ ಕ್ಸೈಲಿಟಾಲ್ ಇದ್ದರೆ ನಾಯಿಗೆ ವಿಷವಾಗುತ್ತದೆ. ಮೊಲ, ಗಿನಿಪಿಗ್‌ಗಳಿಗೆ ಬ್ರಷ್ ಬೇಡ, ಒಣಹುಲ್ಲು ದಿನವಿಡೀ ಬಾಯಿಗೆ ಎಟುಕುವಂತಿರಬೇಕು. ಮುಂಗಾಲಿನ ಒಳಬದಿಯ ಕೂದಲು ಗಂಟುಗಟ್ಟಿದೆಯೇ ನೋಡಬೇಕು, ಏಕೆಂದರೆ ಜೊಲ್ಲನ್ನು ಅವು ಅಲ್ಲಿಗೇ ಒರೆಸಿಕೊಳ್ಳುತ್ತವೆ. ಇನ್ನು ವಾರಕ್ಕೊಮ್ಮೆ, ಪ್ರತಿ ವಾರವೂ ಅದೇ ದಿನ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಒಂದು ಕಿಲೋ ತೂಗುವ ಗಿನಿಪಿಗ್ 50 ಗ್ರಾಂ ಇಳಿದರೆ ದಟ್ಟ ಕೂದಲಿನಡಿ ಕಣ್ಣಿಗೆ ಕಾಣುವುದಿಲ್ಲ. ಮುಂದಿನ ವಾರವೂ ಇಳಿದಿದ್ದರೆ, ಹಿಕ್ಕೆ ಸಣ್ಣದಾಗಿದ್ದರೆ, ತಟ್ಟೆಯ ಬಳಿ ಬಂದು ಹಿಂದಿರುಗಿದ್ದರೆ ಆ ಪುಸ್ತಕವನ್ನು ಜೊತೆಗೆ ತನ್ನಿ. ಮೊದಲ ದಿನವೇ ಎಕ್ಸ್‌ರೇ ತೆಗೆಯಲು ನನಗೆ ಅಷ್ಟು ಸಾಕು.