ನಿಯತ್ತು, ಜಕಾತಿ, ಹಕ್ಕು

ಸಹರಿಗೆ, ಅಂದರೆ ಉಪವಾಸಕ್ಕೆ ಮುಂಚಿನ ನಸುಕಿನ ಊಟಕ್ಕೆ, ಎದ್ದು ಬಾಗಿಲು ತೆಗೆದರೆ ಕಾಫಿ ಹೂವಿನ ಘಮ. ಈ ಸಲ ರಂಜಾನ್ ತಿಂಗಳಲ್ಲೇ ನಮ್ಮ ಮೂಡಿಗೆರೆ ಕಡೆ ಕಾಫಿ ಹೂ ಅರಳಿಸುವ ಹೂಮಳೆ ಬಿತ್ತು. ಚಂದ್ರನ ಲೆಕ್ಕದ ವರ್ಷ ಸುಮಾರು 11 ದಿನ ಚಿಕ್ಕದು. ಇನ್ನು ಕೆಲವು ವರ್ಷಕ್ಕೆ ರಂಜಾನ್ ಚಳಿಗಾಲಕ್ಕೆ ಸರಿಯುತ್ತದೆ. ಆಗ ಈ ಘಮ ಸಿಗಲ್ಲ.

ಉಂಡು, ನೀರು ಕುಡಿದು, ರೋಜಾದ, ಅಂದರೆ ಉಪವಾಸದ, ನಿಯ್ಯತ್ ಮಾಡಬೇಕು. ಬಾಯಲ್ಲಿ ಹೇಳಲೇಬೇಕು ಅಂತಿಲ್ಲ, ಮನಸ್ಸಲ್ಲಿ ಇದ್ದರೆ ಸಾಕು. ಅದಿಲ್ಲದೆ ದಿನವಿಡೀ ಹಸಿದುಕೊಂಡಿದ್ದರೆ ಅದು ಸುಮ್ನೆ ಹಸಿವು, ಅಷ್ಟೇ.

ಚಿಕ್ಕವಳಿದ್ದಾಗ ಪಕ್ಕದ ಮನೆ ಅಜ್ಜಿ ಕೇಳಿದ್ದರು, "ಎಂತಕ್ಕೆ ಮಗಾ ಅಷ್ಟು ಹೊತ್ತಿಗೆ ಲೈಟು?"

"ನಿಯ್ಯತ್ ಮಾಡೋಕೆ ಅಜ್ಜಿ."

"ನಿಯತ್ತು ನಮ್ಮ ನಾಯಿಗೂ ಉಂಟು. ಅದು ನಾಲ್ಕು ಗಂಟೆಗೆ ಏಳಲ್ಲಪ್ಪ!"

ಆಮೇಲೆ ಗೊತ್ತಾಯಿತು, ಎರಡೂ ಒಂದೇ ಮಾತು. ಅರಬಿಯಲ್ಲಿ ಮನಸ್ಸಿನ ಉದ್ದೇಶ, ಕನ್ನಡಕ್ಕೆ ಬಂದು ಪ್ರಾಮಾಣಿಕತೆ. ಪ್ರವಾದಿಯವರ ಮಾತುಗಳನ್ನು ಕೂಡಿಟ್ಟ ಬುಖಾರಿ ಹದೀಸ್ ಸಂಗ್ರಹ ಶುರುವಾಗುವುದೇ ಈ ಮಾತಿನಿಂದ: ಕೆಲಸಗಳ ಬೆಲೆ ನಿಯ್ಯತ್ತಿನ ಮೇಲೆ. ಕನ್ನಡದವರು ಅರ್ಥ ಕೆಡಿಸಿಲ್ಲ ಅಂತಲೇ ನನಗನಿಸುತ್ತದೆ. ಒಳಗೊಂದು ಹೊರಗೊಂದು ಇಲ್ಲದವನಿಗೇ ಅಲ್ವಾ ನಾವು ನಿಯತ್ತಿನ ಮನುಷ್ಯ ಅನ್ನುವುದು?

ಜಕಾತ್‌ಗೆ ಮಾತ್ರ ಅನ್ಯಾಯ ಆಯಿತು. ಅಜ್ಜಿಗೆ ಜಕಾತಿ ಅಂದರೆ ಸಂತೆಗೆ ಹೋಗುವ ಗಾಡಿ ನಿಲ್ಲಿಸಿ ವಸೂಲಿ ಮಾಡುತ್ತಿದ್ದ ಸುಂಕ. ನಮ್ಮಲ್ಲಿ ಜಕಾತ್ ಅಂದರೆ ಒಂದು ಮಿತಿ ಮೀರಿ ವರ್ಷ ಕೂಡಿಟ್ಟ ಹಣದಲ್ಲಿ 40ಕ್ಕೆ 1 ಪಾಲು ಇಲ್ಲದವರಿಗೆ ಕೊಡುವುದು. ಮೂಲದಲ್ಲಿ ಆ ಪದಕ್ಕೆ ಶುದ್ಧಿ ಅಂತಲೂ ಅರ್ಥ, ಬೆಳೆಯುವುದು ಅಂತಲೂ ಅರ್ಥ. ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮರಗಸಿ ಮಾಡಿ, ಅಂದರೆ ನೆರಳಿನ ಮರಗಳ ಕೊಂಬೆ ಕಡಿದು, ಬಿಸಿಲು ಬಿಟ್ಟ ಮೇಲೆಯೇ ಕೆಳಗಿನ ಗಿಡ ಚಿಗುರುವುದು.

ಕುರಾನಿನ 51ನೇ ಅಧ್ಯಾಯದಲ್ಲಿ ಒಂದು ಮಾತಿದೆ. ಒಳ್ಳೆಯವರ ಸಂಪತ್ತಿನಲ್ಲಿ ಬೇಡುವವನಿಗೂ ಇಲ್ಲದವನಿಗೂ 'ಹಕ್' ಇದೆ ಅಂತ. ಪಹಣಿಯಲ್ಲಿ ಬರೆಸಿಕೊಳ್ಳುತ್ತೇವಲ್ಲ, ಅದೇ ಹಕ್ಕು. ಅದಕ್ಕೇ ಇರಬೇಕು, ಜಕಾತ್ ಕೊಡುವಾಗ ಅಬ್ಬಾ ಸಾಲ ತೀರಿಸುವವರ ಹಾಗೆ ತಲೆ ತಗ್ಗಿಸಿಕೊಂಡೇ ಕೊಡುತ್ತಾರೆ.

ಬೆಳೆಯ ಲೆಕ್ಕ ಬೇರೆ. ಅದಕ್ಕೆ ಉಶ್ರ್ ಅನ್ನುತ್ತಾರೆ. ಮಳೆ ಬೆಳೆಸಿದ್ದಾದರೆ 10ರಲ್ಲಿ 1, ನೀರು ಹಾಯಿಸಿ ಬೆಳೆಸಿದ್ದಾದರೆ 20ರಲ್ಲಿ 1. ನಾವು ನಡೆಯುವ ಹನಫಿ ಪದ್ಧತಿಯಲ್ಲಿ ಕಾಫಿ, ಮೆಣಸಿಗೂ ಇದೇ ಲೆಕ್ಕ. ಕಳೆದ ವರ್ಷ ಹೂಮಳೆ ಕೈಕೊಟ್ಟು, ಕೆರೆಯಿಂದ ಒಂದು ಸಲ ಸ್ಪ್ರಿಂಕ್ಲರ್ ಹೊಡೆಸಿದ್ದೆವು. ಮುಂದಿನದ್ದೆಲ್ಲ ಮಳೆಯದೇ. ಡೀಸೆಲ್ ಖರ್ಚೂ ಜಾಸ್ತಿ ಆಗಿತ್ತು. ಕಡಿಮೆ ಕೊಟ್ಟರೆ ನಡೆಯುತ್ತಾ ಅಂತ ನಾನೇ ಕೇಳಿದೆ.

ಅಬ್ಬಾ ಲೆಕ್ಕದ ಪುಸ್ತಕ ಮುಚ್ಚಿದರು. "ಆ ಕೆರೆ ತುಂಬಿಸಿದ್ದು ಯಾರಮ್ಮ?" ಅಂದು, 10ರಲ್ಲಿ 1 ಪಾಲನ್ನೇ ತೆಗೆದಿಟ್ಟರು.