‘ದಪ್ಪಗಾಗುವ ಜೀನ್ ಇದೆಯಂತಲ್ಲ?’ ಎಂದು ಕೇಳುವವರಿಗೆ

ಇದೆ. ಆದರೆ ನಿಮ್ಮ ಹೊಟ್ಟೆಗೆ ಅದು ಕಾರಣ ಆಗಿರುವ ಸಾಧ್ಯತೆ ತೀರಾ ಕಡಿಮೆ. ಇಷ್ಟು ಸಾಕು ಅನ್ನುವವರು ಎದ್ದು ಹೋಗಬಹುದು.

ನಾನು ಕೆಲಸ ಮಾಡುವುದು ಎಸ್‌ಎಚ್‌ಪಿ ಎಂಬ ಪ್ರೋಟೀನ್ ಮೇಲೆ. ‘ದಪ್ಪಗಾಗುವ ಜೀನ್’ ಎಂದು ಇಲ್ಲಿ ಹೇಳುತ್ತಿರುವುದು ಇದನ್ನು ತಯಾರಿಸುವ ಜೀನ್‌ಗೇ. ಬಾಗಲಕೋಟೆಗೆ ಬಂದಾಗಲೆಲ್ಲ ಯಾರಾದರೂ ಈ ಪ್ರಶ್ನೆ ಎತ್ತುತ್ತಾರೆ. ಸಿಟ್ಟು ಬರುವುದು ಅವರು ಕೇಳುವ ರೀತಿಗೆ. ‘ಅದು ಹೆಂಗ ಕೆಲಸ ಮಾಡತೈತಿ?’ ಅನ್ನುವುದಿಲ್ಲ. ‘ಅಂದ್ರ ನಂದೇನೂ ತಪ್ಪಿಲ್ಲ, ಹೌದಿಲ್ಲೊ?’ ಅನ್ನುತ್ತಾರೆ. ನಾನೇನು ವಕೀಲಳಾ?

ಮೊನ್ನೆ ಮದುವೆ ಊಟದಲ್ಲಿ ಕಾಕಾ ಶೇಂಗಾ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ‘ತಂಗಿ, ಅದು ನಮ್ಮ ಮನೆತನದಾಗ ಐತಿ ನೋಡು. ಟೆಸ್ಟ್ ಮಾಡಿಸಿ ಕೊಡು’ ಅಂದರು. ಹಾಗೇ ನನ್ನನ್ನೂ ಮೇಲಿಂದ ಕೆಳಗೆ ನೋಡಿದರು. (ನಾನೂ ತೆಳ್ಳಗಿಲ್ಲ. ಏನೀಗ?)

ಕಥೆ ಶುರುವಾದದ್ದು 2001ರಲ್ಲಿ. ಜಪಾನಿನಲ್ಲಿ ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಬಂದವರನ್ನು ಪರೀಕ್ಷಿಸುವಾಗ, ಕೆಲವರ ಎಸ್‌ಎಚ್‌ಪಿ ಜೀನ್‌ನಲ್ಲಿ ದೋಷ ಸಿಕ್ಕಿತು. ಅವರು ಸ್ವಲ್ಪ ದಪ್ಪ ಇದ್ದರು. ಸ್ವಲ್ಪ ಮಾತ್ರ. ಆಮೇಲೆ ಡೆನ್ಮಾರ್ಕ್‌ನ ದಪ್ಪ ಗಂಡಸರಲ್ಲಿ ಹುಡುಕಿದರೆ ಅಂಥ ದೋಷ ಅಪರೂಪ. ಇಲಿಗಳಲ್ಲಂತೂ ಎಲ್ಲ ತಲೆಕೆಳಗು: ಈ ಜೀನ್ ತೆಗೆದುಹಾಕಿದ ಇಲಿಗಳು ಕೊಬ್ಬಿನ ಆಹಾರ ತಿಂದರೂ ಅಷ್ಟಾಗಿ ದಪ್ಪಗಾಗಲಿಲ್ಲ. ಇನ್ನು ಟೆಸ್ಟ್ ಮಾಡಿಸಿ ಏನು ಮಾಡುತ್ತೀರಿ? ದೋಷ ಸಿಕ್ಕರೂ ಅದಕ್ಕೆಂದೇ ಮಾತ್ರೆ ಇಲ್ಲ.

ಎಸ್‌ಎಚ್‌ಪಿಯ ನಿಜವಾದ ಮಜಾ ಇರುವುದು ಪಿತ್ತದಲ್ಲಿ. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತದ ಆಮ್ಲ ಮಾಡುತ್ತದೆ. ಎಣ್ಣೆ, ತುಪ್ಪ ಸಣ್ಣ ಹನಿಗಳಾಗಿ ಒಡೆಯಲು ಅದು ಬೇಕೇ ಬೇಕು. ಜಾಸ್ತಿಯಾದರೆ ಲಿವರ್‌ಗೇ ಪೆಟ್ಟು. ಅದಕ್ಕೇ ಎಫ್‌ಎಕ್ಸ್‌ಆರ್ ಎಂಬ ಇನ್ನೊಂದು ಪ್ರೋಟೀನ್ ಆಮ್ಲ ಹೆಚ್ಚಿದ್ದನ್ನು ಗುರುತಿಸಿ ಎಸ್‌ಎಚ್‌ಪಿಯನ್ನು ಕರೆಸುತ್ತದೆ. ಎಸ್‌ಎಚ್‌ಪಿಯ ಬಳಗದ ಬಹುತೇಕ ಪ್ರೋಟೀನ್‌ಗಳು ಡಿಎನ್‌ಎ ಹಿಡಿಯುತ್ತವೆ, ಇದಕ್ಕೆ ಹಿಡಿಯುವ ಭಾಗವೇ ಇಲ್ಲ. ತಾನು ಒಂದು ಪಾತ್ರೆಯನ್ನೂ ಎತ್ತದೆ, ಬಡಿಸುವವನ ಕೈ ಹಿಡಿದು ‘ಸಾಕು’ ಅನ್ನುವ ಹಿರಿಯರಿರುತ್ತಾರಲ್ಲ, ಹಾಗೆ ಇದು ಬೇರೆ ಪ್ರೋಟೀನ್‌ಗಳನ್ನು ತಡೆಯುತ್ತದೆ. ಆಮ್ಲದ ತಯಾರಿ ಇಳಿಯುತ್ತದೆ. ಕರುಳಿಗೆ ಹೋದ ಆಮ್ಲದಲ್ಲಿ ಶೇಕಡಾ 95ರಷ್ಟು ಮತ್ತೆ ಲಿವರ್‌ಗೇ ಬರುತ್ತದೆ. ಹೀಗಾಗಿ ಲೆಕ್ಕ ಇಡುವವರು ಬೇಕೇ ಬೇಕು, ಅಲ್ವಾ?

ಇದನ್ನು ಯಾರೂ ಕೇಳುವುದಿಲ್ಲ. ಕೇಳಿದ್ದು ಚಿಗವ್ವ ಒಬ್ಬರೇ, ಅದೇ ಊಟದಲ್ಲಿ. ‘ಕಲ್ಲ ಆಗಿ ನನ್ನ ಪಿತ್ತಕೋಶನ ತೆಗದಾರ. ಮತ್ತ ಈ ತುಪ್ಪ ಹೆಂಗ ಕರಗತೈತಿ?’

ನನಗೆ ಕುಣಿಯುವಷ್ಟು ಖುಷಿ. ಪಿತ್ತ ತಯಾರಾಗುವುದು ಲಿವರ್‌ನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಚೀಲ ಅಷ್ಟೇ ಅಂದೆ. ಈಗ ಅದು ಸ್ವಲ್ಪ ಸ್ವಲ್ಪವೇ ನೇರ ಕರುಳಿಗೆ ಇಳಿಯುತ್ತದೆ. ಒಂದೇ ಸಲ ಜಾಸ್ತಿ ತುಪ್ಪ ತಿಂದರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ.

‘ಹಂಗಾರ ನನಗ ಅರ್ಧಾ ಸಾಕು’ ಎಂದು ಚಿಗವ್ವ ಹೋಳಿಗೆ ಮುರಿದು, ಉಳಿದದ್ದನ್ನು ಕಾಕಾನ ಎಲೆಗೆ ಹಾಕಿದರು.